ಕೆರೆಯ ಕಾಟ್ಲಾದಿಂದ ಕಡಲ ಟ್ಯೂನಾವರೆಗೆ: ಮೀನಿಗೆ ಮೊಟ್ಟೆ ಇಡಿಸಿದ ಕಥೆ

ನಾನು ಮಾತಾಡ್ತಿರೋದು ಹಿರಿಯೂರು ತಾಲ್ಲೂಕಿನ ಆದಿವಾಲದಿಂದ. ಇಲ್ಲಿಂದ ಸಮುದ್ರ ಬಹಳ ದೂರ. ಆದ್ರೂ ಇವತ್ತಿನ ವಿಷಯ ಕಡಲಿನ ದೊಡ್ಡ ಮೀನು. ಯಾಕಂದ್ರೆ ನಮ್ಮ ದೇಶದಲ್ಲಿ ಈ ಕಥೆ ಶುರುವಾಗೋದು ಕೆರೆ ಮೀನಿನಿಂದ.

ಕಾಟ್ಲಾ, ರೋಹು ಕೆರೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ. ಆದರೆ ನಿಂತ ನೀರಲ್ಲಿ ಮೊಟ್ಟೆ ಇಡಲ್ಲ. ಮಳೆಗಾಲದಲ್ಲಿ ಹರಿಯುವ ಹೊಸ ನೀರು ಬೇಕು. ಹಾಗಾಗಿ ಮರಿಗಳನ್ನು ನದಿಯಿಂದಲೇ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಇದಕ್ಕೆ ದಾರಿ ಕಂಡುಕೊಂಡರು. ಬೇರೆ ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಇಂಜೆಕ್ಷನ್ ಕೊಟ್ಟು ಮೊಟ್ಟೆ ಇಡಿಸಿದರು. ಅದೇ ದಿನ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. ಮುಂದೆ ನಮ್ಮ ಮಂಗಳೂರು ಮೀನುಗಾರಿಕಾ ಕಾಲೇಜಿನಲ್ಲಿ ಎಂ.ಸಿ. ನಂದೀಶ ಮತ್ತು ತಂಡದವರು ಓವಾಪ್ರಿಮ್ ಅನ್ನೋ ರೆಡಿಮೇಡ್ ಔಷಧವನ್ನು ಒಂದೇ ಡೋಸ್ ಕೊಟ್ಟು ಗೆದ್ದರು. ಗ್ರಂಥಿ ಕೂಡಿಡುವ ತಾಪತ್ರಯ ತಪ್ಪಿತು.

ಕಡಲ ಮೀನು ಇಷ್ಟು ಸುಲಭಕ್ಕೆ ಬಗ್ಗಲಿಲ್ಲ. ಜಪಾನಿನ ಕಿಂಕಿ ವಿಶ್ವವಿದ್ಯಾಲಯ 1970ರಲ್ಲಿ ಬ್ಲೂಫಿನ್ ಟ್ಯೂನಾ ಸಾಕೋಕೆ ಶುರು ಮಾಡಿತು. ಮಧ್ಯೆ 11 ವರ್ಷ ಮೀನು ಮೊಟ್ಟೆಯನ್ನೇ ಇಡಲಿಲ್ಲ. ಮೊಟ್ಟೆ ಒಡೆದು ಮರಿಯಾದರೂ ಒಂದನ್ನೊಂದು ತಿಂದುಕೊಳ್ಳುತ್ತಿದ್ದವು, ಬೆದರಿ ಬಲೆಗೆ ಡಿಕ್ಕಿ ಹೊಡೆದು ಸಾಯುತ್ತಿದ್ದವು. ಸಾಕಿದ ಮೀನಿಗೇ ಮರಿಯಾಗಿ ಚಕ್ರ ಪೂರ್ತಿಯಾಗಿದ್ದು 2002ರಲ್ಲಿ. ಅಂದ್ರೆ 32 ವರ್ಷ! ನಮ್ಮಲ್ಲಿ 2010ರಲ್ಲಿ ತಮಿಳುನಾಡಿನ ಮಂಡಪಂನಲ್ಲಿ, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕೋಬಿಯಾ ಮೀನಿಗೆ ಹಾರ್ಮೋನ್ ಕೊಟ್ಟು ಮರಿ ಮಾಡಿಸಿತು. ಇದೇ ಸಂಸ್ಥೆಯ ಕಾರವಾರ ಕೇಂದ್ರ ಸಮುದ್ರದ ಪಂಜರದಲ್ಲಿ ಮೀನು ಬೆಳೆಸುತ್ತದೆ.

ನಾನು ಬಿ.ಕಾಂ. ಓದಿದವನು, ಲೆಕ್ಕ ಹಾಕದೆ ಬಿಡಲ್ಲ. ಕಾಟ್ಲಾ ಕೆರೆಯಲ್ಲೇ ಹುಟ್ಟುವ ಸೂಕ್ಷ್ಮ ಜೀವಿಗಳನ್ನು ತಿಂದು ದಪ್ಪ ಆಗುತ್ತೆ. ಟ್ಯೂನಾ ಒಂದು ಕಿಲೋ ಬೆಳೆಯಬೇಕಾದ್ರೆ ಹತ್ತು ಕಿಲೋಗೂ ಹೆಚ್ಚು ಸಣ್ಣ ಮೀನು ಬೇಕು. ಕರಾವಳಿಯ ಬಡವರ ಊಟವಾದ ಬೂತಾಯಿಯೂ ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗುತ್ತದೆ. ಕಾಡಿನ ಹುಲಿಯನ್ನು ಉಳಿಸ್ತೀವಿ ಅಂತ ಊರಿನ ಮೇಕೆಗಳನ್ನೆಲ್ಲ ಹಾಕಿದ ಹಾಗಾಗಬಾರದು, ಅಲ್ವಾ?

ಮೊಟ್ಟೆ ಇಡಿಸೋ ವಿದ್ಯೆ ಕಲಿತಾಯ್ತು. ಹುಟ್ಟಿದ ಮರಿಗೆ ಯಾರ ತಟ್ಟೆಯಿಂದ ತೆಗೆದು ಹಾಕ್ತೀವಿ ಅನ್ನೋದು ಮುಂದಿನ ಪ್ರಶ್ನೆ. ನಿಮಗೇನನ್ನಿಸುತ್ತೆ, ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ.