ದೆವ್ವದ ಮನೆಗೆ ವಿಳಾಸ ಬೇಕು: ಕಡಿಮೆ ಬಜೆಟ್ಟಿನ ಕನ್ನಡ ಹಾರರ್ ನಡೆದುಬಂದ ದಾರಿ

2020ರ ನವೆಂಬರಿನಲ್ಲಿ ‘ಮನೆ ನಂಬರ್ 13’ ಎಂಬ ಕನ್ನಡ ಸಿನಿಮಾ ಚಿತ್ರಮಂದಿರದ ಬಾಗಿಲು ಮೆಟ್ಟದೆ ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂತು. ಒಂದೇ ಕಂಪನಿಯಲ್ಲಿ ಕೆಲಸ ಮಾಡುವ ಐವರು ಗೆಳೆಯರು ಒಂದು ಮನೆಗೆ ಬಂದು ಸೇರುತ್ತಾರೆ, ಆ ಮನೆಯಲ್ಲಿ ಮೊದಲೇ ಯಾರೋ ಇದ್ದಾರೆ. ಕಥೆ ಅಷ್ಟೆ. ವಿವಿ ಕದಿರೇಸನ್ ನಿರ್ದೇಶಿಸಿದ, ವರ್ಷಾ ಬೊಳ್ಳಮ್ಮ ಮುಖ್ಯ ಪಾತ್ರದಲ್ಲಿದ್ದ ಈ ಚಿತ್ರದ ಬಗ್ಗೆ ನೋಡಿದವರ ಮಾತು ಎರಡು ಹೋಳಾಯಿತು. ಕ್ಯಾಮೆರಾ ಕೆಲಸ ಚೆನ್ನಾಗಿದೆ, ಒಂದೆರಡು ಕಡೆ ನಿಜಕ್ಕೂ ಬೆಚ್ಚಿಬೀಳುತ್ತೇವೆ ಅಂದರು ಕೆಲವರು. ಇದನ್ನೆಲ್ಲ ಹತ್ತು ಸಲ ನೋಡಿದ್ದೇವೆ ಅಂದರು ಉಳಿದವರು. ಇಬ್ಬರ ಮಾತೂ ಸರಿ. ಕಳೆದ ಹತ್ತು ಹದಿನೈದು ವರ್ಷದಲ್ಲಿ ಬಂದ ಬಹುಪಾಲು ಕನ್ನಡ ‘ದೆವ್ವದ ಮನೆ’ ಸಿನಿಮಾಗಳಿಗೆ ಸಿಕ್ಕಿದ್ದು ಇಂಥದೇ ಸ್ವಾಗತ. ಕಾರಣ ಕೇಳಿದರೆ ಎಲ್ಲರೂ ಬಜೆಟ್ಟಿನ ಕಡೆ ಕೈ ತೋರಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಸಿನಿಮಾಗಳಿಗೆ ಕಡಿಮೆ ಬಿದ್ದದ್ದು ದುಡ್ಡಿಗಿಂತ ಹೆಚ್ಚಾಗಿ ಮನೆ. ಯಾರೋ ನಿಜವಾಗಿ ಬಾಳಿದ, ಉಂಡ, ಸತ್ತ ಒಂದು ಮನೆ.

ಹಾರರ್ ಅಂದರೆ ಹೊಸ ನಿರ್ಮಾಪಕನಿಗೆ ಯಾಕೆ ಅಷ್ಟು ಪ್ರೀತಿ ಎಂಬುದು ಗಾಂಧಿನಗರದಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಒಂದೇ ಲೊಕೇಶನ್, ಐದಾರು ಕಲಾವಿದರು, ಇಪ್ಪತ್ತು ಮೂವತ್ತು ದಿನದ ಶೆಡ್ಯೂಲು. ಸ್ಟಾರ್ ಬೇಡ, ಫಾರಿನ್ ಹಾಡು ಬೇಡ, ಫೈಟ್ ಮಾಸ್ಟರ್ ಬೇಡ. ಕತ್ತಲೆಯಲ್ಲಿ ಸೆಟ್ಟಿನ ಬಡತನ ಕಾಣುವುದಿಲ್ಲ. ಹೆಸರಿಲ್ಲದ ಮುಖಗಳಾದರೆ ಇನ್ನೂ ಒಳ್ಳೆಯದು, ಯಾರು ಉಳಿಯುತ್ತಾರೆ ಎಂದು ಪ್ರೇಕ್ಷಕನಿಗೆ ಗೊತ್ತಾಗುವುದಿಲ್ಲ. ಹಿಂದಿಯ ರಾಮ್ಸೆ ಸಹೋದರರು 1972ರ ‘ದೋ ಗಜ್ ಜಮೀನ್ ಕೆ ನೀಚೆ’ಯನ್ನು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಮಹಾಬಲೇಶ್ವರಕ್ಕೆ ಹೋಗಿ ತೆಗೆದದ್ದು ಇದೇ ಲೆಕ್ಕದಲ್ಲಿ. ಅಮೆರಿಕದ ಒರೆನ್ ಪೆಲಿ ತನ್ನ ಸ್ವಂತ ಮನೆಯಲ್ಲೇ ಸುಮಾರು 15 ಸಾವಿರ ಡಾಲರಿನಲ್ಲಿ ಮಾಡಿದ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ 2009ರಲ್ಲಿ ದೊಡ್ಡದಾಗಿ ಬಿಡುಗಡೆಯಾಗಿ 19 ಕೋಟಿ ಡಾಲರ್ ದಾಟಿದ ಮೇಲಂತೂ ಜಗತ್ತಿನ ಪ್ರತಿ ಭಾಷೆಯಲ್ಲೂ ಒಬ್ಬನಾದರೂ ಖಾಲಿ ಮನೆ ಹುಡುಕಿಕೊಂಡು ಹೊರಟ. ಕನ್ನಡದಲ್ಲಿ ಹಿಂದಿ ಡಬ್ಬಿಂಗ್ ರೈಟ್ಸಿನ ಆಸೆಯೂ ಇದಕ್ಕೆ ಸೇರಿಕೊಂಡಿತು. ಭಯಕ್ಕೆ ಭಾಷೆ ಅಡ್ಡಬರುವುದಿಲ್ಲವಲ್ಲ.

ಆದರೆ ಕನ್ನಡದಲ್ಲಿ ಈ ದಾರಿ ತೆರೆದ ಸಿನಿಮಾ ಈ ಲೆಕ್ಕದಿಂದ ಹುಟ್ಟಿದ್ದಲ್ಲ. 1979ರ ‘ನಾ ನಿನ್ನ ಬಿಡಲಾರೆ’ಯನ್ನು ಇವತ್ತು ಕೂತು ನೋಡಿದರೂ ಅದರ ಧೈರ್ಯ ಬೆರಗು ಹುಟ್ಟಿಸುತ್ತದೆ. ಹೆಣ್ಣಿನ ಮೈಮೇಲೆ ದೆವ್ವ ಬರಿಸುವುದು ನಮ್ಮ ಕಥೆಗಾರರಿಗೆ ರೂಢಿ. ಇಲ್ಲಿ ಕಾಮಿನಿ ಎಂಬ ಹೆಣ್ಣಿನ ಆತ್ಮ ಬಂದು ಸೇರುವುದು ಗಂಡನ ಮೈಗೆ. ಅನಂತನಾಗ್ ದನಿ ಬದಲಿಸಿ, ಕಣ್ಣು ಬದಲಿಸಿ, ಕೂರುವ ಭಂಗಿಯನ್ನೇ ಬದಲಿಸಿ ಮಾಡಿದ ಆ ಪಾತ್ರಕ್ಕೆ ಮೇಕಪ್ಪಿನ ಹಂಗು ಬೇಕಾಗಲಿಲ್ಲ. ಎದುರಿಗೆ ನಿಂತ ಹೆಂಡತಿ ಲಕ್ಷ್ಮಿ; ಅವಳ ಹೋರಾಟ ನಡೆಯುವುದು ನಡುಮನೆ, ಮಲಗುವ ಕೋಣೆ, ದೇವರ ಮನೆಗಳಲ್ಲಿ. ಕೊನೆಗೆ ಮೊರೆ ಹೋಗುವುದು ಮಂತ್ರಾಲಯದ ರಾಯರಿಗೆ. ಆ ಕಾಲದ ಯಾವ ಮಧ್ಯಮವರ್ಗದ ಸಂಸಾರವಾದರೂ ಕಷ್ಟ ಬಂದಾಗ ಹಾಗೇ ಮಾಡುತ್ತಿತ್ತು. ಸಿನಿಮಾ ಗೆದ್ದಿತು, 1981ರಲ್ಲಿ ‘ಮಂಗಲಸೂತ್ರ’ ಎಂದು ಹಿಂದಿಗೂ ಹೋಯಿತು, ಅಲ್ಲೂ ಅನಂತನಾಗ್ ಅವರೇ. ಅದರ ಗುಟ್ಟು ಇಷ್ಟೆ: ದೆವ್ವ ಬರುವ ಮುಂಚೆ ಆ ಮನೆ ನಮಗೆ ಪರಿಚಯವಾಗಿರುತ್ತದೆ.

1985ರಲ್ಲಿ ಯಂಡಮೂರಿ ವೀರೇಂದ್ರನಾಥರ ಕಾದಂಬರಿ ಆಧರಿಸಿ ‘ತುಳಸೀದಳ’ ಬಂತು. ವಾಮಾಚಾರದ ಗುರಿ ಒಂದು ಮಗು ಎಂಬುದೇ ತಾಯಂದಿರನ್ನು ನಡುಗಿಸಲು ಸಾಕಾಗಿತ್ತು. 1993ರ ಉಪೇಂದ್ರರ ‘ಶ್!’ ಇನ್ನೊಂದು ತುದಿ ಹಿಡಿಯಿತು. ಶೂಟಿಂಗಿಗೆ ಹೋದ ತಂಡ, ಊರಲ್ಲಿ ದೆವ್ವದ ಗುಲ್ಲು, ಕೊನೆಗೆ ಅದರ ಹಿಂದೆ ಮನುಷ್ಯರ ಕೈ. ಹೊಸಬರೇ ಹೆಚ್ಚಿದ್ದ, ಸಣ್ಣ ದುಡ್ಡಿನ ಆ ಚಿತ್ರ ಪ್ರೇಕ್ಷಕರನ್ನು ಹೆದರಿಸಿತು, ಆಮೇಲೆ ಹೆದರಿದ್ದು ಯಾಕೆ ಎಂದು ಯೋಚಿಸುವಂತೆಯೂ ಮಾಡಿತು. ಆ ದಾರಿಯಲ್ಲಿ ಮುಂದುವರಿದವರು ಕಡಿಮೆ ಎಂಬುದು ನನಗಿರುವ ದೊಡ್ಡ ಕೊರಗು.

ಈ ಸಿನಿಮಾಗಳನ್ನು ಯಾರು, ಎಲ್ಲಿ, ಹೇಗೆ ನೋಡಿದರು ಎಂಬುದನ್ನು ಬಿಟ್ಟು ಅವುಗಳ ಸೋಲು ಗೆಲುವು ಮಾತಾಡಲಾಗದು. ಹಂಚಿಕೆದಾರರು ಎಂಎಂಸಿಎಚ್ ಎಂದು ಕರೆಯುವ, ಮೈಸೂರು, ಮಂಡ್ಯ, ಹಾಸನ ಸೇರಿದ ಪ್ರದೇಶ ಕನ್ನಡ ಸಿನಿಮಾದ ಕೈಬಿಡದ ಮಾರುಕಟ್ಟೆ. ಮಂಡ್ಯ, ಮದ್ದೂರು, ಮಳವಳ್ಳಿಯ ಟಾಕೀಸಿಗೆ ಸುತ್ತಲ ಹಳ್ಳಿಯ ಹುಡುಗರು ಸೆಕೆಂಡ್ ಶೋಗೆ ಗುಂಪು ಕಟ್ಟಿಕೊಂಡು ಬರುತ್ತಿದ್ದರು. ಒಳಗೆ ಕೂತಷ್ಟು ಹೊತ್ತು ಶಿಳ್ಳೆ, ಕೂಗು, ಪಕ್ಕದವನನ್ನು ಚಿವುಟಿ ಹೆದರಿಸುವುದು. ಅಸಲಿ ಭಯ ಶುರುವಾಗುತ್ತಿದ್ದದ್ದು ಶೋ ಬಿಟ್ಟ ಮೇಲೆ. ಕೊನೆಯ ಬಸ್ಸು ಹೋಗಿಯಾಗಿರುತ್ತದೆ, ಊರಿಗೆ ಮೂರು ನಾಲ್ಕು ಮೈಲಿ, ದಾರಿಯಲ್ಲಿ ಹುಣಸೆ ತೋಪು, ಸ್ಮಶಾನ, ಎರಡೂ ಕಡೆ ಆಳೆತ್ತರದ ಕಬ್ಬು, ಪಕ್ಕದಲ್ಲಿ ನಾಲೆಯ ನೀರಿನ ಸದ್ದು. ಸಿನಿಮಾದಲ್ಲಿ ಉಳಿದುಹೋದದ್ದನ್ನು ಆ ದಾರಿ ಪೂರ್ತಿ ಮಾಡುತ್ತಿತ್ತು. ಮಾರನೇ ದಿನ ಒಬ್ಬನಿಗೆ ಜ್ವರ ಬಂದರೆ ‘ಗಾಳಿ ಸೋಕಿದೆ’ ಅನ್ನುವವರು ಮನೆಯಲ್ಲೇ ಇರುತ್ತಿದ್ದರು. ತಾಯಿತ ಕಟ್ಟಿಸಿಕೊಂಡವನ ಕಥೆ ಕೇಳಿ ಇನ್ನಷ್ಟು ಜನ ಟಿಕೆಟ್ ತೆಗೆಸುತ್ತಿದ್ದರು. ಅರೆಬರೆ ಸಿನಿಮಾವೂ ಈ ಜನರ ನಡುವೆ ದಡ ಸೇರುತ್ತಿತ್ತು. ‘ಮನೆ ನಂಬರ್ 13’ಕ್ಕೆ ಆ ಗುಂಪೂ ಸಿಗಲಿಲ್ಲ, ಆ ದಾರಿಯೂ ಸಿಗಲಿಲ್ಲ. ಕೊರೊನಾ ಕಾಲದಲ್ಲಿ ಅಂಗೈಯಗಲದ ಮೊಬೈಲಿನಲ್ಲಿ, ಲೈಟ್ ಹಾಕಿಕೊಂಡು, ನಡುವೆ ಬಂದ ಫೋನಿಗೆ ಉತ್ತರಿಸುತ್ತ ನೋಡುವವನನ್ನು ಹೆದರಿಸುವುದು ಯಾರಿಗಾದರೂ ಕಷ್ಟ.

ಮತ್ತೆ ಚರಿತ್ರೆಗೆ ಬರೋಣ. 2004ರ ‘ಆಪ್ತಮಿತ್ರ’ ಎಲ್ಲವನ್ನೂ ಬದಲಿಸಿತು. 1993ರ ಮಲಯಾಳದ ‘ಮಣಿಚಿತ್ರತಾಳ್’ ಅನ್ನು ಪಿ. ವಾಸು ಕನ್ನಡಕ್ಕೆ ತಂದರು, ದ್ವಾರಕೀಶ್ ನಿರ್ಮಿಸಿದರು, ವಿಷ್ಣುವರ್ಧನ್ ಇದ್ದರು. ಅದೇ ವರ್ಷ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡ ಸೌಂದರ್ಯ ಆಗಸ್ಟಿನಲ್ಲಿ ಪರದೆಯ ಮೇಲೆ ನಾಗವಲ್ಲಿಯಾಗಿ ನಿಂತಾಗ ಚಿತ್ರಮಂದಿರದಲ್ಲಿ ಆದ ಕಂಪನ ಬೇರೆಯೇ ಬಗೆಯದು. ಚಿತ್ರ ಒಂದು ವರ್ಷ ಓಡಿತು. ಅದು ಕಡಿಮೆ ಬಜೆಟ್ಟಿನ ಸಿನಿಮಾ ಅಲ್ಲ. ಆದರೆ ಆಮೇಲೆ ಬಂದ ಕಡಿಮೆ ಬಜೆಟ್ಟಿನ ಸಿನಿಮಾಗಳೆಲ್ಲ ಅದರಿಂದ ಕಲಿತವು, ಮತ್ತು ತಪ್ಪು ಪಾಠ ಕಲಿತವು. ಅರಮನೆಯಂಥ ಬಂಗಲೆ, ಬೀಗ ಹಾಕಿದ ಕೋಣೆ, ಗೆಜ್ಜೆ ಸದ್ದು, ಅಡಿಗೆ ಭಟ್ಟನ ಕಾಮಿಡಿ, ಕೊನೆಗೊಬ್ಬ ಮಂತ್ರವಾದಿ, ಇಷ್ಟನ್ನು ಎತ್ತಿಕೊಂಡರು. ಒಬ್ಬ ಹೆಣ್ಣುಮಗಳ ಮನಸ್ಸು ಒಳಗೊಳಗೇ ಹೇಗೆ ಒಡೆಯುತ್ತ ಹೋಯಿತು ಎಂಬ ಕಥೆಯ ಜೀವವನ್ನು ಅಲ್ಲೇ ಬಿಟ್ಟರು.

ಮುಂದಿನ ಕೆಲವು ವರ್ಷಗಳನ್ನು ಬೇಗ ದಾಟಬಹುದು. 2012ರ ‘ಕಲ್ಪನಾ’ ತಮಿಳಿನ ‘ಕಾಂಚನಾ’ದ ರೀಮೇಕ್. 2013ರ ‘ವಿಷಲ್’ ‘ಪಿಜ್ಜಾ’ದ್ದು. 2014ರ ‘ಚಂದ್ರಲೇಖ’ ತೆಲುಗಿನ ‘ಪ್ರೇಮ ಕಥಾ ಚಿತ್ರಂ’ನದು, ‘ನಮೋ ಭೂತಾತ್ಮ’ ಮತ್ತೆ ತಮಿಳಿನದು. ನಕ್ಕವರು ನಕ್ಕರು. ಮನೆಯನ್ನೂ ದೆವ್ವವನ್ನೂ ಎರಡನ್ನೂ ಎರವಲು ತಂದ ಮೇಲೆ ನಮ್ಮದು ಅನ್ನಲು ಉಳಿದದ್ದು ಸಂಭಾಷಣೆ ಮಾತ್ರ.

ಇದೇ ಹೊತ್ತಿಗೆ, 2013ರ ನವೆಂಬರಿನಲ್ಲಿ, ಕೆ.ಎಸ್. ಅಶೋಕ ನಿರ್ದೇಶನದ ‘6-5=2’ ಬಂತು. ಚಾರಣಕ್ಕೆ ಹೋದ ಗೆಳೆಯರು, ಅವರದೇ ಕ್ಯಾಮೆರಾದಲ್ಲಿ ಸಿಕ್ಕಿದ ದೃಶ್ಯಗಳು ಎಂಬ ನೆವ. ಅಮೆರಿಕದಲ್ಲಿ 1999ರಲ್ಲೇ ‘ದ ಬ್ಲೇರ್ ವಿಚ್ ಪ್ರಾಜೆಕ್ಟ್’ ಮಾಡಿ ತೋರಿಸಿದ ತಂತ್ರ ಅದು, ಕನ್ನಡಕ್ಕೆ ಹೊಸದು. ಇದರಲ್ಲಿ ಮನೆಯೇ ಇಲ್ಲ, ಪಶ್ಚಿಮಘಟ್ಟದ ಕಾಡಿದೆ. ಆದರೂ ಅದನ್ನಿಲ್ಲಿ ಹೇಳಲೇಬೇಕು, ಯಾಕೆಂದರೆ ದುಡ್ಡಿಲ್ಲದ್ದನ್ನು ಅದು ಮುಚ್ಚಿಡಲಿಲ್ಲ. ನಡುಗುವ ಕ್ಯಾಮೆರಾ, ಮಸುಕಾದ ಬೆಳಕು, ಹುಡುಗರ ಬಾಯಲ್ಲಿ ದಿನನಿತ್ಯದ ಮಾತು, ಎಲ್ಲವೂ ಅದರ ನಂಬಿಕೆಗೆ ಬಲ ಕೊಟ್ಟವು. ನಿಜವಾಗಿ ನಡೆದದ್ದು ಎಂದು ನಂಬಿದವರು ಎಷ್ಟೋ ಜನ. ಅದರ ನಿರ್ಮಾಪಕ ಕೃಷ್ಣ ಚೈತನ್ಯ ಅವರೇ ಮುಂದೆ 2016ರಲ್ಲಿ ನವನೀತ್ ನಿರ್ದೇಶನದ ‘ಕರ್ವ’ ಮಾಡಿದರು, ಆಮೇಲೆ ‘ಮನೆ ನಂಬರ್ 13’ ಮಾಡಿದರು. ಒಬ್ಬ ನಿರ್ಮಾಪಕ ಹಾರರ್ ಅನ್ನು ಇಷ್ಟು ಹಟ ಹಿಡಿದು ಬೆಳೆಸಿದ್ದನ್ನು ಮೆಚ್ಚಬೇಕು. ಆದರೆ ಕಾಡಿನಿಂದ ‘ಮನೆ ನಂಬರ್ 13’ರ ವಿಲ್ಲಾಕ್ಕೆ ಬರುವಷ್ಟರಲ್ಲಿ ಆ ಹಸಿತನ ಸೋರಿಹೋಗಿತ್ತು. ಅಚ್ಚುಕಟ್ಟಾದ ಬೆಳಕು, ಹೊಳೆಯುವ ನೆಲ, ಬಾಗಿಲು ಕಿರ್ರೆಂದಾಗ ಕಿವಿ ತೂತಾಗುವಂಥ ರೀರೆಕಾರ್ಡಿಂಗ್. ಮನೆಗೆ ನಂಬರ್ ಇತ್ತು, ಊರು ಇರಲಿಲ್ಲ.

2016ರ ಕೊನೆಗೆ ಬಂದ ‘ಮಮ್ಮಿ ಸೇವ್ ಮಿ’ಯನ್ನೂ ಇದೇ ಸಾಲಿಗೆ ಸೇರಿಸಬೇಕು. ತೀರಾ ಎಳೆಯ ವಯಸ್ಸಿನ ಲೋಹಿತ್ ನಿರ್ದೇಶನ, ಪ್ರಿಯಾಂಕಾ ಉಪೇಂದ್ರ ತಾಯಿಯ ಪಾತ್ರ, ಅಜನೀಶ್ ಲೋಕನಾಥ್ ಸಂಗೀತ, ಗೋವಾದ ಒಂದು ಮನೆ. ತಾಂತ್ರಿಕವಾಗಿ ಕನ್ನಡಕ್ಕೆ ಅದು ಒಂದು ಮೆಟ್ಟಿಲು ಮೇಲೆ. ಆದರೆ ಕಣ್ಣು ಮುಚ್ಚಿಕೊಂಡರೆ ಅದು ಯಾವ ದೇಶದ ಮನೆಯೂ ಆಗಬಹುದಿತ್ತು. 2025ರ ಜನವರಿಯಲ್ಲಿ ‘ಕರ್ವ’ದ ನವನೀತ್ ಶರಣ್ ಜೊತೆ ‘ಛೂ ಮಂತರ್’ ಮಾಡಿದಾಗಲೂ ಕಥೆ ನಡೆದದ್ದು ಇಂಗ್ಲಿಷ್ ಹೆಸರಿನ ಹಳೆ ಬಂಗಲೆಯಲ್ಲಿ.

ನಮಗೇನು ಮನೆಗಳಿಗೆ ಬರವೇ? ಮಂಡ್ಯ ಸೀಮೆಯ ಒಂದು ತೊಟ್ಟಿಮನೆಯನ್ನು ತೆಗೆದುಕೊಳ್ಳಿ. ಜಗಲಿ ದಾಟಿ ತಲೆ ಬಗ್ಗಿಸಿ ಒಳಗೆ ಹೋದರೆ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಕಂಬಗಳು, ಮೂಲೆಯಲ್ಲಿ ಹಗಲಲ್ಲೂ ಕತ್ತಲಿರುವ ಕೋಣೆ, ಮೇಲೆ ಅಟ್ಟ. ಅಂಗಳದಲ್ಲಿ ಹಗೇವು. ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಳಿ ಅದು. ಬಾಯಿ ಒಬ್ಬ ಇಳಿಯುವಷ್ಟು, ಹೊಟ್ಟೆ ದೊಡ್ಡದು, ಒಳಗೋಡೆಗೆ ಹುಲ್ಲಿನ ಹೊದಿಕೆ, ಮೇಲೆ ಚಪ್ಪಡಿ, ಅದರ ಮೇಲೆ ಮಣ್ಣು. ಹಗೇವು ತೆಗೆಯುವ ದಿನ ಚಪ್ಪಡಿ ಸರಿಸಿ ಸ್ವಲ್ಪ ಹೊತ್ತು ಕಾಯುತ್ತಿದ್ದರು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿರಲಿಲ್ಲ. ಒಳಗೆ ಕಟ್ಟಿಕೊಂಡ ಗಾಳಿ ಆಳನ್ನು ಕೂಗಲೂ ಬಿಡದೆ ಕೊಲ್ಲುತ್ತದೆ. ಅವಸರಕ್ಕೆ ಇಳಿದು ಪ್ರಾಣ ಬಿಟ್ಟವರ ಕಥೆ ಹಳೆ ಊರುಗಳಲ್ಲಿ ಈಗಲೂ ಇದೆ. ಆರುವ ಆ ದೀಪಕ್ಕಿಂತ ಒಳ್ಳೆಯ ಹಾರರ್ ದೃಶ್ಯವನ್ನು ನಾನು ಯಾವ ಸಿನಿಮಾದಲ್ಲೂ ಕಂಡಿಲ್ಲ. ಅದಕ್ಕೆ ಗ್ರಾಫಿಕ್ಸ್ ಬೇಡ, ದುಡ್ಡಂತೂ ಬೇಡವೇ ಬೇಡ. ಇನ್ನು ತ್ರೀ ಫೇಸ್ ಕರೆಂಟು ರಾತ್ರಿ ಬಂದಾಗ ಒಬ್ಬನೇ ಬ್ಯಾಟರಿ ಹಿಡಿದು ಕಬ್ಬಿನ ಗದ್ದೆಗೆ ನೀರು ಹಾಯಿಸಲು ಹೋಗುವ ರೈತ, ಚಿರತೆ ಇದೆ ಎಂದು ಗೊತ್ತಿದ್ದೂ ಹೋಗುವವನು, ಅವನ ಭಯ ಯಾವ ಸಿನಿಮಾಕ್ಕೆ ಬಂದಿದೆ? ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ತಯಾರಾಗುತ್ತಿದೆ. ಬಂಗಲೆಯೇ ಬೇಕು ಅನ್ನುವವರು ಅಲ್ಲಿನ ಆ ಕಾಲದ ಕಟ್ಟಡಗಳನ್ನಾದರೂ ಒಮ್ಮೆ ಹೋಗಿ ನೋಡಬಹುದು.

ನಮ್ಮ ದೆವ್ವ ನಮಗಿಂತ ಮೊದಲು ಬೇರೆಯವರ ಕಣ್ಣಿಗೆ ಬಿದ್ದ ಉದಾಹರಣೆಯೂ ಇದೆ. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲ ಊರುಗಳಲ್ಲಿ ರಾತ್ರಿ ಮನೆಯವರ ದನಿಯಲ್ಲೇ ಕರೆದು ಬಾಗಿಲು ತಟ್ಟುವ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನಡುವಯಸ್ಸಿನ ಎಲ್ಲರಿಗೂ ನೆನಪಿದೆ. ಅದನ್ನು ದೇಶಕ್ಕೆಲ್ಲ ತೋರಿಸಿದ್ದು 2018ರ ಹಿಂದಿಯ ‘ಸ್ತ್ರೀ’.

ನೆಲದ ಕಥೆ ಸಣ್ಣ ದುಡ್ಡಿನಲ್ಲಿ ಆಗುವುದಿಲ್ಲ ಎಂಬ ಮಾತನ್ನು ಮಂಡ್ಯ ಜಿಲ್ಲೆಯೇ ಸುಳ್ಳು ಮಾಡಿ ತೋರಿಸಿದೆ. ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡ ಬರವಣಿಗೆಯಲ್ಲಿ ಜೊತೆಯಾದ ‘ತಿಥಿ’ ಇದೇ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಮುತ್ತ, ಹಿಂದೆ ನಟಿಸಿಯೇ ಇರದ ಜನರನ್ನು ಇಟ್ಟುಕೊಂಡು ಮಾಡಿದ ಚಿತ್ರ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದ ‘ಫಿಲ್ಮ್‌ಮೇಕರ್ಸ್ ಆಫ್ ದ ಪ್ರೆಸೆಂಟ್’ ವಿಭಾಗದಲ್ಲಿ ಗೋಲ್ಡನ್ ಲೆಪರ್ಡ್ ಪಡೆಯಿತು. ಅದು ಹಾರರ್ ಅಲ್ಲ. ಆದರೆ ಒಂದು ಸಾವು ಒಂದು ಊರಿನಲ್ಲಿ ಹನ್ನೊಂದು ದಿನ ಏನೇನು ಮಾಡುತ್ತದೆ ಎಂದು ಅಷ್ಟು ಹತ್ತಿರದಿಂದ ನೋಡಿದ ಕಣ್ಣೇ ನಮ್ಮ ಹಾರರ್ ಸಿನಿಮಾಕ್ಕೂ ಬೇಕಾದದ್ದು.

ಕರಾವಳಿಯವರು ಅದನ್ನು ಮಾಡಿ ತೋರಿಸಿಬಿಟ್ಟರು. 2025ರ ಜುಲೈ 25ರಂದು ಬಂದ ಜೆ.ಪಿ. ತುಮಿನಾಡರ ‘ಸು ಫ್ರಮ್ ಸೋ’ದಲ್ಲಿ ಸ್ಟಾರ್ ಇಲ್ಲ, ದೊಡ್ಡ ಬಜೆಟ್ ಇಲ್ಲ. ಮೈಮೇಲೆ ದೆವ್ವ ಬಂದಂತೆ ನಟಿಸುವ ಒಬ್ಬ ಹುಡುಗ, ಸೋಮೇಶ್ವರದ ಸುಲೋಚನ ಎಂಬ ಹೆಸರು, ಅದನ್ನು ನಂಬಿ ಏಳುವ ಇಡೀ ಊರು. ನಗಿಸುತ್ತ ನಗಿಸುತ್ತ ಅದು ನಿಜವಾದ ಭಯದ ಕಡೆ ಕರೆದೊಯ್ಯುತ್ತದೆ: ಬದುಕಿರುವ ಒಬ್ಬ ಹೆಣ್ಣುಮಗಳಿಗೆ ತನ್ನ ಮನೆಯೊಳಗೇ ಇರುವ ಭಯ. ತುಳುನಾಡಿನ ಮಾತು, ಅಲ್ಲಿನ ನಂಬಿಕೆ ತುಂಬಿದ ಆ ಸಿನಿಮಾ ಘಟ್ಟದ ಮೇಲೂ ಮನೆಮಂದಿಯನ್ನೆಲ್ಲ ಚಿತ್ರಮಂದಿರಕ್ಕೆ ಕರೆತಂದಿತು. ಅದಕ್ಕೆ ಮಿಶ್ರ ಪ್ರತಿಕ್ರಿಯೆ ಬರಲಿಲ್ಲ.

ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯಲು ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಿದೆ, 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ದೆವ್ವ ಬಿಡಿಸುತ್ತೇವೆಂದು ಕೂದಲು ಹಿಡಿದು ಹೊಡೆಯುವುದು ನಮ್ಮಲ್ಲಿ ಹೆಣ್ಣುಮಕ್ಕಳು ಅನುಭವಿಸಿದ ನಿಜ. ಮಂತ್ರವಾದಿಯನ್ನು ಗೆಲ್ಲಿಸಿ ಮುಗಿಯುವ ಸಿನಿಮಾ ಆ ಹೊಡೆತಕ್ಕೆ ಚಪ್ಪಾಳೆ ತಟ್ಟಿಸುತ್ತದೆ. ಹಾರರ್ ಬೇಡ ಎನ್ನುತ್ತಿಲ್ಲ. ಹೆದರಿಸಲು ದೆವ್ವದ ಅಸ್ತಿತ್ವವನ್ನು ಸಾಬೀತು ಮಾಡಬೇಕಾಗಿಲ್ಲ ಎಂದು ‘ಶ್!’ ಮೂವತ್ತು ವರ್ಷದ ಹಿಂದೆಯೇ ತೋರಿಸಿದೆ.

ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಈಗ ಕೈಯಲ್ಲಿ ಒಳ್ಳೆಯ ಕ್ಯಾಮೆರಾ ಇಟ್ಟುಕೊಂಡು ಕಿರುಚಿತ್ರ ಮಾಡುವ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಅವರಲ್ಲಿ ನನ್ನದೊಂದು ಕೋರಿಕೆ. ಹಾರರ್ ಮಾಡಬೇಕೆಂದಿದ್ದರೆ ಬಾಡಿಗೆಗೆ ಬಂಗಲೆ ಹುಡುಕುವ ಮುಂಚೆ ನಿಮ್ಮ ಅಜ್ಜಿಯ ಹತ್ತಿರ ಕೂತು ಆ ಮನೆಯ ಯಾವ ಕೋಣೆಗೆ ರಾತ್ರಿ ಹೋಗುತ್ತಿರಲಿಲ್ಲ, ಯಾಕೆ ಹೋಗುತ್ತಿರಲಿಲ್ಲ ಎಂದು ಕೇಳಿ ಬರೆದುಕೊಳ್ಳಿ. ತೊಟ್ಟಿಮನೆಗಳನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟುವುದು ಪ್ರತಿ ಊರಿನಲ್ಲೂ ನಡೆದಿದೆ, ಹಗೇವುಗಳಿಗೆ ಮಣ್ಣು ಮುಚ್ಚಿಯಾಗಿದೆ. ಇರುವ ನಾಲ್ಕು ಮನೆಗಳನ್ನಾದರೂ ಈಗಲೇ ಚಿತ್ರೀಕರಿಸಿ.