ಮಳವಳ್ಳಿಯ ಕರೆಂಟು, ಕೋಲಾರದ ಆಳ

ಶಿವನಸಮುದ್ರ ಎಂದೊಡನೆ ಬೆಂಗಳೂರಿನ ಬೀದಿದೀಪಗಳ ಮಾತು ಬಂದೇ ಬರುತ್ತದೆ. ಆದರೆ ಬೆಂಗಳೂರಿಗೆ ಆ ಬೆಳಕು ಬಂದದ್ದು 1905ರಲ್ಲಿ. ಅದಕ್ಕೂ ಮೊದಲೇ, 1902ರ ಜೂನ್‌ನಲ್ಲಿ, ಮಳವಳ್ಳಿ ತಾಲ್ಲೂಕಿನ ಈ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಈ ವಿದ್ಯುದಾಗಾರ ಹುಟ್ಟಿದ್ದೇ ಗಣಿಗಾಗಿ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಯ ಯಂತ್ರಗಳೂ ಸೊರಗುತ್ತಿದ್ದವು. ಮಂಡ್ಯದ ಗದ್ದೆಗಳಿಗೆ ನೀರುಣಿಸಿದ ಕನ್ನಂಬಾಡಿ ಕಟ್ಟೆಯ ಹಿಂದೆ ಈ ಒತ್ತಾಯವೂ ಇತ್ತು. ಸಾಮಾನ್ಯವಾಗಿ ನಾವು ಇಲ್ಲಿಗೇ ನಿಲ್ಲಿಸಿಬಿಡುವ ಈ ಚರಿತ್ರೆಯಲ್ಲಿ ವಿಶ್ವವಿಜ್ಞಾನಕ್ಕೂ ಪಾಲಿದೆ ಎಂಬುದು ನನ್ನ ವಾದ.

1965ರಲ್ಲಿ ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2,300 ಮೀಟರ್ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರ್ಹಮ್‌ನ ವಿಜ್ಞಾನಿಗಳು ಕಾಸ್ಮಿಕ್ ಕಿರಣಗಳು ತಾಕಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಸುಳಿವು ಹಿಡಿದರು. ಕಾಸ್ಮಿಕ್ ಕಿರಣಗಳ ಉಳಿದ ಕಣಗಳು ಅಷ್ಟು ಬಂಡೆಯನ್ನು ದಾಟುವಷ್ಟರಲ್ಲಿ ಬಹುಪಾಲು ಅಡಗಿಹೋಗುತ್ತವೆ. ನ್ಯೂಟ್ರಿನೊಗೆ ಬಂಡೆ ಲೆಕ್ಕಕ್ಕಿಲ್ಲ. ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲೂ ಇವು ಸಿಕ್ಕವು, ಅಲ್ಲಿಯೂ ಚಿನ್ನದ ಗಣಿಯಲ್ಲೇ. ಇದು ಆಕಸ್ಮಿಕವಲ್ಲ: ಬರೀ ಭೌತವಿಜ್ಞಾನಕ್ಕಾಗಿ ಅಷ್ಟು ಆಳವನ್ನು ಆಗ ಯಾರೂ ಅಗೆದುಕೊಡುತ್ತಿರಲಿಲ್ಲ. ಚಿನ್ನಕ್ಕಾಗಿ ಅಗೆದ ಆ ಆಳವನ್ನು ಸಾಧ್ಯವಾಗಿಸಿದ್ದು ಶಿವನಸಮುದ್ರದ ಕರೆಂಟು. 1965ರ ಹೊತ್ತಿಗೆ ಶಿಂಷಾ, ಜೋಗದ ವಿದ್ಯುತ್ತೂ ಬಂದಿತ್ತಲ್ಲ, ಶಿವನಸಮುದ್ರಕ್ಕೇ ಏಕೆ ಈ ಗೌರವ ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ನಾನು ಹೇಳುತ್ತಿರುವುದು ಆ ದಿನ ಉಪಕರಣಕ್ಕೆ ಹರಿದ ಕರೆಂಟಿನ ಮಾತಲ್ಲ, ಆಳದ ಮಾತು. ಉಗಿಯಂತ್ರ ಮೊದಲೂ ಇತ್ತು, ಅದಕ್ಕೆ ದೂರದಿಂದ ಕಲ್ಲಿದ್ದಲು ಬರಬೇಕಿತ್ತು. ಜನರನ್ನು ಇಳಿಸಿ ಏರಿಸಲು, ನೀರೆತ್ತಲು, ಕಾದ ಬಂಡೆಗಳ ನಡುವೆ ಗಾಳಿ ಹಾಯಿಸಲು ಹಗಲಿರುಳು ನಿಲ್ಲದ ಶಕ್ತಿ ಬೇಕು. ದಶಕಗಳ ಕಾಲ ಶಿವನಸಮುದ್ರದ ಕರೆಂಟನ್ನು ನೆಚ್ಚಿ ಗಣಿ ಕೆಳಗಿಳಿಯಿತು. 2001ರಲ್ಲಿ ಗಣಿ ಮುಚ್ಚಿ ಪಂಪುಗಳು ನಿಂತ ಮೇಲೆ ಆ ಆಳವೆಲ್ಲ ನೀರಿನ ಪಾಲಾದದ್ದೇ, ನಿಲ್ಲದ ಶಕ್ತಿಯಿಲ್ಲದೆ ಆಳ ಉಳಿಯದು ಎಂಬುದಕ್ಕೆ ಸಾಕ್ಷಿ.

ವಿಶ್ವವಿಜ್ಞಾನದಲ್ಲಿ ಪಾಲು ಎನ್ನುತ್ತೀರಿ, ವಿಶ್ವದ ಹಿಗ್ಗುವಿಕೆಯನ್ನು ಚುರುಕುಗೊಳಿಸುವ ಕಪ್ಪು ಶಕ್ತಿಯೇನೂ ಕೋಲಾರದಲ್ಲಿ ಸಿಗಲಿಲ್ಲವಲ್ಲ ಎಂಬುದು ಇನ್ನೊಂದು ಆಕ್ಷೇಪ. ನಿಜ, ಸಿಗಲಿಲ್ಲ. ವಿಶ್ವದ ಹಿಗ್ಗುವಿಕೆ ಚುರುಕಾಗುತ್ತಿದೆ ಎಂದು 1998ರಲ್ಲಿ ತಿಳಿಸಿದ್ದು ದೂರದ ಸೂಪರ್‌ನೋವಾಗಳನ್ನು ನೋಡುತ್ತಿದ್ದ ಎರಡು ತಂಡಗಳು. ಆದರೆ ಅದೇ ವರ್ಷ ಜಪಾನಿನ ಸೂಪರ್ ಕಮಿಯೋಕಾಂಡೆ ಶೋಧಕ, ಕೋಲಾರದಲ್ಲಿ ಕಂಡಂಥ ವಾತಾವರಣದ ನ್ಯೂಟ್ರಿನೊಗಳಿಂದಲೇ, ಅವಕ್ಕೆ ದ್ರವ್ಯರಾಶಿಯಿದೆ ಎಂದು ತೋರಿಸಿತು. ಆ ರಾಶಿ ಅತ್ಯಲ್ಪ, ನ್ಯೂಟ್ರಿನೊಗಳು ಅಸಂಖ್ಯ. ಗೆಲಾಕ್ಸಿಗಳು ಒಟ್ಟುಗೂಡುವ ಬಗೆಯನ್ನೂ ವಿಶ್ವ ಹಿಗ್ಗಿದ ವೇಗವನ್ನೂ ಅವು ತಟ್ಟುತ್ತವೆ. ಕಪ್ಪು ಶಕ್ತಿಯನ್ನು ಇಂದು ಅಳೆಯುವವರು ನ್ಯೂಟ್ರಿನೊದ ಪಾಲನ್ನು ಸೇರಿಸಿಕೊಳ್ಳದೆ ಲೆಕ್ಕ ಮುಗಿಸಲಾರರು.