ಎಣ್ಣೆತೊಟ್ಟಿಯ ಸಾಕ್ಷ್ಯ: ಜಾಗ್ವಾರ್ ಎಕ್ಸ್‌ಕೆ ಎಂಜಿನೂ ಡ್ರೈ ಸಂಪ್ ಪದ್ಧತಿಯೂ

ಶಾಸನ, ನಾಣ್ಯ, ಕಡತ, ಪ್ರವಾಸಕಥನ ಇವುಗಳನ್ನು ಒರೆಗೆ ಹಚ್ಚಿ ನೋಡುವ ಕ್ರಮವನ್ನು ನಾವು ವಿದ್ಯಾರ್ಥಿಗಳಿಗೆ ಬೋಧಿಸುತ್ತೇವೆ. ಆದರೆ ಇಪ್ಪತ್ತನೆಯ ಶತಮಾನದ ಒಂದು ಮೋಟಾರು ಎಂಜಿನನ್ನು ಮುಂದಿಟ್ಟು, ಇದರ ಯಾವ ಭಾಗ ಯಾವ ಕಾಲದ್ದು ಎಂದು ಕೇಳುವುದು ಅಪರೂಪ. ಈ ಲೇಖನದಲ್ಲಿ ಇಂಗ್ಲೆಂಡಿನ ಜಾಗ್ವಾರ್ ಸಂಸ್ಥೆಯ ಎಕ್ಸ್‌ಕೆ ಎಂಜಿನಿಗೆ ಡ್ರೈ ಸಂಪ್ ಎಂಬ ಎಣ್ಣೆಯ ಪದ್ಧತಿಯನ್ನು ಜೋಡಿಸಿದ ಸಂಗತಿಯನ್ನು ವಿವೇಚಿಸಲು ಉದ್ದೇಶಿಸಿದ್ದೇವೆ. ಹಳೆಯ ಕಾರುಗಳ ಒಡೆಯರು ಇಂದಿಗೂ ಇಂತಹ ಜೋಡಣೆಯನ್ನು ಮಾಡಿಸುತ್ತಿದ್ದಾರೆ. ಅದು ಚರಿತ್ರೆಗೆ ಬಗೆದ ದ್ರೋಹವೆಂದು ಕೆಲವರು, ಎಂಜಿನಿನ ರಕ್ಷಣೆಯೆಂದು ಕೆಲವರು ವಾದಿಸುತ್ತಾರೆ. ಯಾವ ಕಾಲದ ಜೋಡಣೆ ಎಂಬ ಪ್ರಶ್ನೆಯನ್ನು ಎರಡು ಪಕ್ಷಗಳೂ ಕೇಳುತ್ತಿಲ್ಲವೆಂಬುದು ನಮ್ಮ ಅಭಿಪ್ರಾಯ.

ಸಂಪ್ ಎಂದರೆ ನಮ್ಮ ಪಟ್ಟಣಗಳ ಜನರಿಗೆ ಮನೆಯಂಗಳದಲ್ಲಿ ನೆಲದೊಳಗಿರುವ ನೀರಿನ ತೊಟ್ಟಿ. ಎಂಜಿನಿನ ಸಂಪೂ ಬಹುಮಟ್ಟಿಗೆ ಅಂಥದೇ. ಸಾಮಾನ್ಯವಾದ ಕಾರಿನಲ್ಲಿ ಕೀಲೆಣ್ಣೆಯೆಲ್ಲ ಎಂಜಿನಿನ ಅಡಿಯ ತೊಟ್ಟಿಯಲ್ಲಿ ನಿಂತಿರುತ್ತದೆ. ಒಂದು ಪಂಪು ಅದನ್ನು ಹೀರಿ ಬೇರಿಂಗುಗಳಿಗೆ ಒತ್ತಡದಿಂದ ಕಳುಹಿಸುತ್ತದೆ. ಬಳಕೆಯಾದ ಎಣ್ಣೆ ತೊಟ್ಟಿಗೆ ಮರಳಿ ಸುರಿಯುತ್ತದೆ. ಗಾಡಿಯು ವೇಗವಾಗಿ ತಿರುವನ್ನು ಹಾಯುವಾಗ ಈ ಎಣ್ಣೆ ಹೊರಗಿನ ಪಕ್ಕಕ್ಕೂ, ಬ್ರೇಕು ಹಾಕಿದಾಗ ಮುಂದಕ್ಕೂ ನುಗ್ಗುತ್ತದೆ. ಆಗ ಪಂಪಿನ ಬಾಯಿಗೆ ಎಣ್ಣೆಯ ಬದಲು ಗಾಳಿ ಸಿಕ್ಕುತ್ತದೆ. ಬೇರಿಂಗಿಗೂ ಕ್ರ್ಯಾಂಕ್ ದಂಡಕ್ಕೂ ನಡುವಣ ಎಣ್ಣೆಯ ಪೊರೆ ಹರಿದು ಲೋಹಕ್ಕೆ ಲೋಹ ತಾಗಿದರೆ ಎಂಜಿನು ಹಾಳಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಡ್ರೈ ಸಂಪ್, ಎಂದರೆ ಒಣ ತೊಟ್ಟಿಯ ಪದ್ಧತಿಯಲ್ಲಿ, ಅಡಿಯಲ್ಲಿ ಎಣ್ಣೆ ನಿಲ್ಲುವುದಿಲ್ಲ. ಕೆಳಗೆ ಬಿದ್ದ ಎಣ್ಣೆಯನ್ನು ಒಂದು ಪಂಪು ಒಡನೆಯೇ ಬಾಚಿ ಬೇರೊಂದು ಟ್ಯಾಂಕಿಗೆ ಸಾಗಿಸುತ್ತದೆ. ಅಲ್ಲಿ ಅದರೊಡನೆ ಬೆರೆತ ಗಾಳಿ ಬೇರ್ಪಟ್ಟು, ಟ್ಯಾಂಕಿನ ತಳದಿಂದ ಮತ್ತೊಂದು ಪಂಪು ಶುದ್ಧವಾದ ಎಣ್ಣೆಯನ್ನು ಬೇರಿಂಗುಗಳಿಗೆ ಕೊಡುತ್ತದೆ. ಬಾಚುವ ಪಂಪು ಎಣ್ಣೆಯ ಜೊತೆಗೆ ಗಾಳಿಯನ್ನೂ ಹೊರಬೇಕಾದುದರಿಂದ ಅದರ ಶಕ್ತಿ ಕೊಡುವ ಪಂಪಿಗಿಂತ ಹೆಚ್ಚಾಗಿರಬೇಕು. ಆಳವಾದ ತೊಟ್ಟಿ ತಪ್ಪಿದ್ದರಿಂದ ಎಂಜಿನನ್ನು ಗಾಡಿಯಲ್ಲಿ ಇನ್ನಷ್ಟು ಕೆಳಗೆ ಕೂರಿಸಬಹುದು. ಪಂಪು, ಟ್ಯಾಂಕು, ಕೊಳವೆಗಳ ತೂಕವೂ, ಸೋರಬಹುದಾದ ಹೊಸ ಸಂದುಗಳೂ ಇದರ ಬೆಲೆ.

ಈ ಪದ್ಧತಿ ಕಾರಿಗಾಗಿಯೇ ಹುಟ್ಟಿದ್ದಲ್ಲ. ಆಕಾಶದಲ್ಲಿ ವಾಲುತ್ತಲೂ ಮಗುಚುತ್ತಲೂ ಹಾರುವ ವಿಮಾನದ ಎಂಜಿನಿಗೆ ಅಡಿಯ ತೊಟ್ಟಿಯನ್ನು ನಂಬಿ ಬದುಕುವುದು ಸಾಧ್ಯವಿರಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪ್ರಸಿದ್ಧವಾಗಿದ್ದ, ಸಿಲಿಂಡರುಗಳೇ ಸುತ್ತುವ ನೋಮ್ ಎಂಜಿನುಗಳು ಈ ಕಷ್ಟವನ್ನು ವಿಚಿತ್ರವಾಗಿ ಪರಿಹರಿಸಿಕೊಂಡವು: ನಮ್ಮ ಹಿರಿಯರು ತಲೆಗೂ ದೀಪಕ್ಕೂ ಬಳಸುತ್ತಿದ್ದ ಹರಳೆಣ್ಣೆಯನ್ನೇ ಒಮ್ಮೆ ಉಪಯೋಗಿಸಿ ಹೊರಕ್ಕೆ ಚೆಲ್ಲಿಬಿಡುತ್ತಿದ್ದವು. ಚೆಲ್ಲದೆ ಹಿಂದಕ್ಕೆ ಪಡೆಯುವ ಎಂಜಿನುಗಳಲ್ಲಿ ಪ್ರತ್ಯೇಕ ಟ್ಯಾಂಕು ಬಂದಿತು. ಮೋಟಾರು ಸೈಕಲ್ಲುಗಳೂ ಈ ಕ್ರಮವನ್ನು ಅನುಸರಿಸಿದವು. 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿದ ಎನ್‌ಫೀಲ್ಡ್ ಬುಲೆಟ್ ಗಾಡಿಯಲ್ಲಿಯೂ ಎಣ್ಣೆಗೆ ಪ್ರತ್ಯೇಕ ಅರೆಯಿತ್ತು. ಕೊಡುವುದಕ್ಕೊಂದು, ಹಿಂತೆಗೆಯುವುದಕ್ಕೊಂದು ಪಂಪೂ ಇದ್ದವು. ಡ್ರೈ ಸಂಪ್ ಕೇವಲ ಶ್ರೀಮಂತರ ಪಂದ್ಯದ ಉಪಕರಣವೆಂಬ ಭಾವನೆ ಆದಕಾರಣ ನಿಲ್ಲುವಂಥದಲ್ಲ.

ಇನ್ನು ಪ್ರಸ್ತುತ ಎಂಜಿನಿನ ವಿಚಾರ. 1948ರ ಲಂಡನ್ ಮೋಟಾರು ಪ್ರದರ್ಶನದಲ್ಲಿ ಎಕ್ಸ್‌ಕೆ 120 ಕಾರಿನೊಡನೆ ಇದು ಲೋಕಕ್ಕೆ ಪರಿಚಯವಾಯಿತು. ವಿಲಿಯಂ ಹೇನ್ಸ್, ವಾಲ್ಟರ್ ಹ್ಯಾಸನ್, ಕ್ಲಾಡ್ ಬೇಲಿ ಇದರ ನಿರ್ಮಾಪಕರಲ್ಲಿ ಪ್ರಮುಖರು. ಸಿಲಿಂಡರಿನ ತಲೆಯ ವಿಷಯದಲ್ಲಿ ಹ್ಯಾರಿ ವೆಸ್ಲೇಕ್ ನೆರವಾದರು. ಆರು ಸಿಲಿಂಡರು, ಏಳು ಮುಖ್ಯ ಬೇರಿಂಗು, 3,442 ಘನ ಸೆಂಟಿಮೀಟರು, 160 ಅಶ್ವಶಕ್ತಿ. ತೊಟ್ಟಿ ಎಣ್ಣೆ ತುಂಬಿದ ಸಾಮಾನ್ಯ ತೊಟ್ಟಿಯೇ. 1951ರಲ್ಲಿಯೂ 1953ರಲ್ಲಿಯೂ ಲ ಮಾನ್ ಪಂದ್ಯವನ್ನು ಗೆದ್ದ ಸಿ-ಟೈಪ್ ಕಾರುಗಳು ಅಂತಹ ತೊಟ್ಟಿಯಿಂದಲೇ ಇಪ್ಪತ್ತನಾಲ್ಕು ಗಂಟೆಗಳ ಓಟವನ್ನು ಮುಗಿಸಿದವು. ಆ ಪದ್ಧತಿ ಸೋತಿದ್ದರಿಂದ ಹೊಸದು ಬಂದಿತೆಂದು ಹೇಳುವವರು ಈ ಎರಡು ಇಸವಿಗಳನ್ನು ನೆನೆಯಬೇಕು.

ಬದಲಾವಣೆಯಾದುದು 1954ರಲ್ಲಿ, ಡಿ-ಟೈಪ್ ಕಾರಿನಲ್ಲಿ. ಮಾಲ್ಕಂ ಸೇಯರ್ ರೂಪಿಸಿದ ಅದರ ಮೈಯನ್ನು ನೋಡಿದರೆ ಮುಖ್ಯ ಕಾರಣ ಗೋಚರವಾಗುತ್ತದೆ. ಗಾಳಿಯನ್ನು ಸೀಳಿಕೊಂಡು ಹೋಗಲು ಮೂತಿ ತಗ್ಗಾಗಬೇಕು. ಮೂತಿ ತಗ್ಗಬೇಕಾದರೆ ಎತ್ತರವಾದ ಆರು ಸಿಲಿಂಡರಿನ ಎಂಜಿನು ತಗ್ಗಬೇಕು. ಅದಕ್ಕಾಗಿ ಎಂಜಿನನ್ನು ಎಂಟೂವರೆ ಡಿಗ್ರಿ ಓರೆಮಾಡಿ, ಕೆಳಗಿನ ತೊಟ್ಟಿಯನ್ನು ತೆಗೆದು ಡ್ರೈ ಸಂಪ್ ಜೋಡಿಸಿದರು. ತಿರುವಿನಲ್ಲಿ ಎಣ್ಣೆ ನುಗ್ಗುವ ಕಾಟ ತಪ್ಪಿದ್ದು ಇದರಿಂದಲೇ ದೊರೆತ ಇನ್ನೊಂದು ಲಾಭ. ಆ ವರ್ಷ ಲ ಮಾನಿನಲ್ಲಿ ಡಿ-ಟೈಪ್ ಫೆರಾರಿಗೆ ಸ್ವಲ್ಪದರಲ್ಲಿ ಸೋತು ಎರಡನೆಯದಾಯಿತು. 1955, 1956, 1957ರಲ್ಲಿ ಗೆದ್ದಿತು. ಎಂಬತ್ತಕ್ಕೂ ಹೆಚ್ಚು ಜನ ಮಡಿದ 1955ರ ಘೋರ ಅಪಘಾತ ಮೊದಲನೆಯ ಗೆಲುವಿನ ಸಂತೋಷವನ್ನು ನುಂಗಿಹಾಕಿತು.

ಜರ್ಮನಿಯ ನಿದರ್ಶನವೂ ಇದನ್ನೇ ಸಮರ್ಥಿಸುತ್ತದೆ. 1954ರ ಮರ್ಸಿಡಿಸ್ 300 ಎಸ್‌ಎಲ್ ಕಾರಿನ ಎಂಜಿನು ಅದೇ ಸಂಸ್ಥೆಯ ದೊಡ್ಡ ಸವಾರಿ ಕಾರಿನ ಎಂಜಿನಿನಿಂದ ಬಂದದ್ದು. ಅದನ್ನೂ ಬಹಳವಾಗಿ ಓರೆಮಾಡಿ, ಡ್ರೈ ಸಂಪ್ ಜೋಡಿಸಿ ತಗ್ಗಾದ ಮೂತಿಯೊಳಗೆ ಅಡಗಿಸಿದರು.

ಆದರೆ ಜಾಗ್ವಾರಿನ ರಸ್ತೆಯ ಕಾರುಗಳು ಹಳೆಯ ದಾರಿಯನ್ನು ಬಿಡಲಿಲ್ಲ. ಎಕ್ಸ್‌ಕೆ 140, 150, 1961ರ ಇ-ಟೈಪ್ ಎಲ್ಲಕ್ಕೂ ಎಣ್ಣೆ ತುಂಬಿದ ತೊಟ್ಟಿಯೇ. 1963ರಲ್ಲಿ ಪಂದ್ಯಕ್ಕೆಂದು ಕಟ್ಟಿದ ಕೆಲವೇ ಹಗುರ ಇ-ಟೈಪ್‌ಗಳಿಗೆ ಮಾತ್ರ ಡ್ರೈ ಸಂಪ್ ಬಂದಿತು. ಹೀಗೆ ಒಂದೇ ಎಂಜಿನಿಗೆ ಒಂದೇ ಕಾರ್ಖಾನೆಯಲ್ಲಿ, ಒಂದೇ ಕಾಲದಲ್ಲಿ, ಎರಡು ಪದ್ಧತಿಗಳು ನಡೆದವು. ಎಕ್ಸ್‌ಕೆ ಎಂಜಿನಿಗೆ ಡ್ರೈ ಸಂಪ್ ಪರಕೀಯವೆಂಬ ಮಾತು ನಿಲ್ಲುವುದಿಲ್ಲ. ಆದರೆ 1948ರ ಕಾರಿಗೆ ಅದು ಸಹಜವೆಂಬ ಮಾತೂ ನಿಲ್ಲುವುದಿಲ್ಲ.

ಇಂದು ಈ ಜೋಡಣೆಯನ್ನು ಮಾಡಿಸುವವರ ಅಗತ್ಯವೇ ಬೇರೆ. ಅವರ ಕಾರಿನ ಮೂತಿ ತಗ್ಗಬೇಕಾಗಿಲ್ಲ. ಈಗಿನ ಟೈರುಗಳು ಆಗಿನವುಗಳಿಗಿಂತ ನೆಲವನ್ನು ಬಿಗಿಯಾಗಿ ಹಿಡಿಯುತ್ತವೆ. ಹಿಡಿತ ಹೆಚ್ಚಿದಷ್ಟೂ ತಿರುವಿನಲ್ಲಿ ಎಣ್ಣೆಯ ನುಗ್ಗಾಟ ಹೆಚ್ಚು. ಒಂದು ಭಾಗವನ್ನು ಹೊಸಕಾಲಕ್ಕೆ ತಂದವನು ಇನ್ನೊಂದನ್ನೂ ತರಬೇಕಾಯಿತು. ಎಂಜಿನಿನ ರಕ್ಷಣೆಯೆಂಬ ವಾದ ಪಂದ್ಯದ ಅಂಗಣಕ್ಕೆ ಸಲ್ಲಬಹುದು. ಭಾನುವಾರದ ಸವಾರಿಗೆ ಸಲ್ಲದು.

ಕೆಲಸದ ಕ್ರಮವನ್ನೂ ಗಮನಿಸಬೇಕು. ಹಳೆಯ ತೊಟ್ಟಿಯನ್ನು ಬಿಚ್ಚಿ ತೆಳುವಾದ ತಟ್ಟೆಯೊಂದನ್ನು ಬಿಗಿಯುತ್ತಾರೆ. ಎಂಜಿನಿನ ಮುಂದೆ ಪಟ್ಟಿಯಿಂದ ತಿರುಗುವ ಪಂಪನ್ನು ಇಡುತ್ತಾರೆ. ಟ್ಯಾಂಕನ್ನು ಅನೇಕ ವೇಳೆ ಡಿಕ್ಕಿಯಲ್ಲಿ ನಿಲ್ಲಿಸಿ ಕೊಳವೆಗಳನ್ನು ಎಳೆಯುತ್ತಾರೆ. ಬೋಲ್ಟಿನಿಂದ ಬಿಗಿದುದನ್ನು ನಾಳೆ ಬಿಚ್ಚಬಹುದು. ಕೊಳವೆಗಾಗಿ ಮೂಲದ ತಗಡಿನಲ್ಲಿ ಕೊರೆದ ರಂಧ್ರವನ್ನು ಮುಚ್ಚಿದರೂ ಅದು ಮೊದಲಿನ ತಗಡಾಗದು. ನಮ್ಮ ಆಕ್ಷೇಪಣೆ ಪಂಪಿಗಲ್ಲ, ರಂಧ್ರಕ್ಕೆ. ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನದ ಮೇಲೆ ಸುಣ್ಣ ಬಳಿದ ಗುಡಿಗಳನ್ನು ಕಂಡವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಸ್ಮಾರಕಗಳ ರಕ್ಷಣೆಯನ್ನು ಕುರಿತ 1964ರ ವೆನಿಸ್ ಸನ್ನದನ್ನು ಆದರ್ಶವಾಗಿಟ್ಟುಕೊಂಡು, ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಟ್ಯೂರಿನ್ ನಗರದಲ್ಲಿ ವಾಹನಗಳಿಗೂ ಒಂದು ಸನ್ನದನ್ನು ಅಂಗೀಕರಿಸಿತು. ಮಾಡಿದ ಕೆಲಸದ ದಾಖಲೆ ಉಳಿಯಬೇಕೆಂಬುದು ಅದರ ಆಶಯಗಳಲ್ಲೊಂದು. ಕಳಚಿದ ತೊಟ್ಟಿಯನ್ನೂ ಪಂಪನ್ನೂ ಗುಜರಿಗೆ ಹಾಕದೆ ಕಾರಿನೊಡನೆ ಇಡುವುದು, ಹೊಸ ಭಾಗದ ಮೇಲೆ ಇಸವಿಯನ್ನು ಕೆತ್ತಿಸುವುದು, ಇವಿಷ್ಟೂ ನಡೆದರೆ ಮುಂದಿನ ಸಂಶೋಧಕನಿಗೆ ತೊಂದರೆಯಿಲ್ಲ.

ಹೆಚ್ಚು ಜಟಿಲವಾದ ಪ್ರಶ್ನೆಯನ್ನು ತಯಾರಕರೇ ಒಡ್ಡಿದ್ದಾರೆ. 1950ರ ದಶಕದಲ್ಲಿ ನೂರು ಡಿ-ಟೈಪ್‌ಗಳನ್ನು ಕಟ್ಟುವ ಯೋಜನೆಯಿತ್ತೆಂದೂ, ಎಪ್ಪತ್ತೈದು ಮಾತ್ರ ಪೂರ್ಣಗೊಂಡವೆಂದೂ ತಿಳಿಸಿ, ಉಳಿದ ಇಪ್ಪತ್ತೈದನ್ನು ಹಳೆಯ ಮಾದರಿಯಂತೆಯೇ ಕಟ್ಟುವುದಾಗಿ ಜಾಗ್ವಾರ್ 2018ರಲ್ಲಿ ಪ್ರಕಟಿಸಿತು. ಅವುಗಳ ಡ್ರೈ ಸಂಪ್ ಆಕಾರದಲ್ಲಿ 1950ರ ದಶಕಕ್ಕೆ ಸೇರಿದ್ದು, ಲೋಹದಲ್ಲಿ ನಮ್ಮ ಕಾಲದ್ದು. ಇಂತಹ ಕಾರೊಂದು ಕೆಲವು ದಶಕಗಳ ಅನಂತರ ಕಾಗದಪತ್ರಗಳಿಲ್ಲದೆ ಸಂಶೋಧಕನ ಎದುರಿಗೆ ನಿಂತರೆ, ಅದರ ಕಾಲವನ್ನು ಆತ ತೊಟ್ಟಿಯ ಆಕಾರದಿಂದ ನಿರ್ಣಯಿಸಲಾರ. ಎರಕದ ಗುರುತನ್ನೂ ಲೋಹದ ಬೆರಕೆಯನ್ನೂ ಪರೀಕ್ಷಿಸಬೇಕಾಗುತ್ತದೆ.